ಆತ್ಮದ ಮಾತು, ಅಂಗದ ನೋವು: ಮೂರು ಆತ್ಮಕಥನಗಳ ಹಿನ್ನೆಲೆಯಲ್ಲಿ

ದೇಹದ ಹೊರಗುರುತುಗಳನ್ನು ಕಂಡು ಲೋಕವು ಹೆಣ್ಣು, ಗಂಡು ಎಂದು ಹೆಸರಿಡುತ್ತದೆ. ಒಳಗಿರುವ ಆತ್ಮಕ್ಕೆ ಆ ಎರಡು ಹೆಸರುಗಳೂ ಸಲ್ಲವು. ಈ ಅಭಿಪ್ರಾಯದ ಜೇಡರ ದಾಸಿಮಯ್ಯನವರ ವಚನವನ್ನು ಅರಿಯದ ವಾಚಕರು ವಿರಳ. ಈಚಿನ ವರ್ಷಗಳಲ್ಲಿ ಈ ವಚನಕ್ಕೆ ಒಂದು ಹೊಸ ಬಳಕೆ ಒದಗಿದೆ. ಲಿಂಗಾಂತರಿಗಳ ಹಕ್ಕುಗಳನ್ನು ಕುರಿತ ಚರ್ಚೆಯಲ್ಲಿ ಎರಡು ಪಕ್ಷದವರೂ ಇದನ್ನೇ ಮುಂದಿಡುತ್ತಾರೆ. (ಈ ಲೇಖನದಲ್ಲಿ ‘ಲಿಂಗ’ ಶಬ್ದವು ಲೌಕಿಕ ಮತ್ತು ವ್ಯಾಕರಣದ ಅರ್ಥದಲ್ಲಿ ಬಂದಿದೆಯೆಂದು ತಿಳಿಯಬೇಕು.) ಆತ್ಮಕ್ಕೆ ಭೇದವಿಲ್ಲವಾದ್ದರಿಂದ ಇವರನ್ನು ನಮ್ಮವರೆಂದು ಒಪ್ಪಬೇಕು ಎಂಬುದು ಒಂದು ಪಕ್ಷ. ಆತ್ಮಕ್ಕೆ ಭೇದವಿಲ್ಲವಾದ್ದರಿಂದ ದೇಹವನ್ನು ಮಾರ್ಪಡಿಸಿಕೊಳ್ಳುವ ಹಟವೇಕೆ, ಅದಕ್ಕೆ ಬೊಕ್ಕಸದ ಹಣವೇಕೆ ಎಂಬುದು ಇನ್ನೊಂದು ಪಕ್ಷ. ಒಂದೇ ವಚನವು ಎರಡು ವಿರುದ್ಧ ತೀರ್ಮಾನಗಳಿಗೆ ಸಾಕ್ಷಿಯಾಗಿ ನಿಂತಾಗ ನಮ್ಮ ಓದಿನಲ್ಲಿ ಏನೋ ಲೋಪವಿದೆಯೆಂದು ಸಂಶಯಪಡುವುದು ನ್ಯಾಯ. ಆ ಲೋಪವನ್ನು ತೋರಿಸಿಕೊಡುವ ಮೂರು ಆತ್ಮಕಥನಗಳು ಕನ್ನಡದಲ್ಲಿಯೇ ಇವೆ. ಪ್ರಕೃತ ಲೇಖನದ ಉದ್ದೇಶ ಅವುಗಳ ಬೆಳಕಿನಲ್ಲಿ ಈ ವಾದವನ್ನು ಪರಿಶೀಲಿಸುವುದು.

ಮೊದಲನೆಯದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಕೃತಿ. 2007ರಲ್ಲಿ ತಮಿಳಿನಲ್ಲಿ ‘ನಾನ್ ವಿದ್ಯಾ’ ಎಂದು ಪ್ರಕಟವಾದ ಇದನ್ನು ತಮಿಳ್ ಸೆಲ್ವಿ ಅವರು ‘ನಾನು ಅವನಲ್ಲ... ಅವಳು’ ಎಂದು ಕನ್ನಡಕ್ಕೆ ತಂದರು. ಬಿ. ಎಸ್. ಲಿಂಗದೇವರು ಅವರು ಇದನ್ನು ಆಧರಿಸಿ ತೆಗೆದ ಚಲನಚಿತ್ರದಲ್ಲಿ ಮುಖ್ಯ ಪಾತ್ರ ವಹಿಸಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಎರಡನೆಯದು ಎ. ರೇವತಿಯವರ ಜೀವನಕಥೆ. ತಮಿಳುನಾಡಿನ ನಾಮಕ್ಕಲ್ ಸೀಮೆಯಲ್ಲಿ ಹುಟ್ಟಿ, ದೆಹಲಿ ಮುಂಬಯಿಗಳನ್ನು ಕಂಡು, ಬೆಂಗಳೂರಿನಲ್ಲಿ ತಮ್ಮವರ ಹಕ್ಕುಗಳಿಗಾಗಿ ದುಡಿದ ಅವರ ಕಥನ 2010ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು; ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದು ರಂಗದ ಮೇಲೂ ಪ್ರಯೋಗಗೊಂಡಿತು. ಮೂರನೆಯದು ನಮ್ಮ ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜಮ್ಮ ಜೋಗತಿಯವರದು. ಅವರು ಹೇಳಿದ ಬದುಕನ್ನು ಅರುಣ್ ಜೋಳದಕೂಡ್ಲಿಗಿಯವರು ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿ ನಿರೂಪಿಸಿದ್ದಾರೆ.

ಈ ಮೂರು ಹೆಸರುಗಳೇ ವಿಮರ್ಶೆಗೆ ತಕ್ಕ ವಸ್ತುಗಳಾಗಿವೆ. ವಿದ್ಯಾ ಅವರ ತಮಿಳು ಪುಸ್ತಕದ ಹೆಸರಿನಲ್ಲಿದ್ದುದು ಒಂದು ಅಂಕಿತನಾಮ ಮಾತ್ರ. ಕನ್ನಡದಲ್ಲಿ ಅದು ಸರ್ವನಾಮಗಳ ಜಗಳವಾಗಿ ಮಾರ್ಪಟ್ಟಿತು. ಈ ಮಾರ್ಪಾಡು ಅರ್ಥರಹಿತವಾದುದಲ್ಲ. ಕನ್ನಡದ ಜಾಯಮಾನದಲ್ಲಿ ‘ನಾನು ಬಂದೆನು’ ಎಂದು ಹೇಳುವವರು ಹೆಣ್ಣೊ ಗಂಡೊ ಎಂಬುದು ಕ್ರಿಯಾಪದದಿಂದ ತಿಳಿಯದು. ‘ಬಂದನು’, ‘ಬಂದಳು’ ಎಂಬ ಭೇದ ಹುಟ್ಟುವುದು ಮತ್ತೊಬ್ಬರು ನಮ್ಮನ್ನು ಕುರಿತು ಮಾತನಾಡಿದಾಗ. ಉತ್ತಮ ಪುರುಷಕ್ಕೆ ಇಲ್ಲದ ಲಿಂಗಭೇದ ಪ್ರಥಮ ಪುರುಷಕ್ಕೆ ಇದೆ. ದಾಸಿಮಯ್ಯನವರ ವಚನದಲ್ಲಿಯೂ ಹೆಣ್ಣು ಗಂಡೆಂದು ಹೆಸರಿಡುವವರು ಅನ್ಯರೇ. ಗೊಗ್ಗವ್ವೆಯ ವಚನವೊಂದು ಇದೇ ವಿಚಾರವನ್ನು ಎತ್ತಿಕೊಂಡು ಜ್ಞಾನವು ಹೆಣ್ಣೊ ಗಂಡೊ ಎಂಬ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಅಂದಮೇಲೆ ಈ ವಚನಗಳು ಮೊದಲು ಪರೀಕ್ಷೆಗೆ ಗುರಿಪಡಿಸುವುದು ಹೆಸರಿಡುವ ಲೋಕವನ್ನು. ಹೆಸರಿಡಿಸಿಕೊಂಡು ನೊಂದವರನ್ನು ಪರೀಕ್ಷಿಸಲು ಅವನ್ನು ಬಳಸುವುದು ಬಾಣವನ್ನು ತಿರುಗಿಸಿ ಹೂಡಿದಂತೆ.

ಮಂಜಮ್ಮನವರ ಪುಸ್ತಕದ ಹೆಸರು ಇದಕ್ಕಿಂತಲೂ ಸೂಕ್ಷ್ಮವಾದುದು. ದಾಸಿಮಯ್ಯನವರು ಆತ್ಮವನ್ನು ಇರಿಸಿದ ಸ್ಥಾನದಲ್ಲಿ ಈ ಹೆಸರು ಹೆಣ್ಣನ್ನು ಇರಿಸಿದೆ. ಇದು ವಚನದ ನಿರಾಕರಣೆಯೆ ಎಂದು ಕೆಲವರು ಕೇಳಬಹುದು. ಹಾಗೆ ನನಗೆ ತೋರುವುದಿಲ್ಲ. ವಚನವು ಪರಮಾರ್ಥದ ಮಾತು. ಹೆಸರು ಒಂದು ಬದುಕಿನ ಸಾಕ್ಷ್ಯ. ತಾಯಿತಂದೆಯರ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಪೆಟ್ಟು ತಿಂದದ್ದು ನಿರ್ಗುಣವಾದ ಆತ್ಮವಲ್ಲ. ಬಾಳುವ ಜೀವಕ್ಕೆ ಒಂದು ಗುರುತು ಬೇಕು, ಒಂದು ಕರೆ ಬೇಕು. ಆ ಕರೆ ‘ಹೆಣ್ಣು’ ಎಂದು ತಮಗೆ ಒಳಗಿನಿಂದ ಕೇಳಿಸಿತೆಂದು ಮಂಜಮ್ಮನವರು ಹೇಳುತ್ತಾರೆ. ಅವರಿಗೆ ಆ ಗುರುತು ದೊರೆತ ಬಗೆಯನ್ನೂ ಗಮನಿಸಬೇಕು. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಬಳೆ ತೊಡಿಸಿ, ಮುತ್ತು ಕಟ್ಟಿದರು. ಜೋಗಪ್ಪಗಳ ಈ ಸಂಪ್ರದಾಯದಲ್ಲಿ ಶಸ್ತ್ರಚಿಕಿತ್ಸೆ ವಿಧಿಯಲ್ಲ. ಆ ಮುತ್ತನ್ನು ಹೊತ್ತು ಕುಣಿದ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.

ವಿದ್ಯಾ ಮತ್ತು ರೇವತಿಯವರ ದಾರಿ ಬೇರೆ. ಅವರಿಗೆ ತಮ್ಮ ದೇಹವೇ ತಮಗೆ ಸಲ್ಲದ ಉಡುಪಾಗಿತ್ತು. ಅವರ ಸಮುದಾಯದಲ್ಲಿ ಆ ಶಸ್ತ್ರಚಿಕಿತ್ಸೆಗೆ ‘ನಿರ್ವಾಣ’ ಎಂಬ ಹೆಸರಿದೆಯೆಂಬುದನ್ನು ಶಾಸ್ತ್ರಾಭ್ಯಾಸಿಗಳು ಗಮನಿಸಬೇಕು. ದರ್ಶನಗಳಲ್ಲಿ ಪರಮಪದವನ್ನು ಸೂಚಿಸುವ ಶಬ್ದವನ್ನು ಇವರು ಅಂಗದ ಮೇಲಣ ಗಾಯಕ್ಕೆ ಇಟ್ಟುಕೊಂಡರು. ಅದರ ಅನಂತರ ನಲವತ್ತು ದಿನಗಳ ಪಥ್ಯವನ್ನೂ ಮಂಗಳವಿಧಿಯನ್ನೂ ಏರ್ಪಡಿಸಿಕೊಂಡರು. ಭಾಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ವಿದ್ಯಾ ಅವರು ಪುಣೆಯ ಕಡೆಯ ರೈಲುಗಳಲ್ಲಿ ಭಿಕ್ಷೆ ಬೇಡಿದರು. ಆ ಭಿಕ್ಷೆಯೇ ಅವರ ಚಿಕಿತ್ಸೆಯ ಮೂಲಧನವಾಯಿತು. ಸಮುದಾಯದ ಹಿರಿಯಳಾದ ದಾಯಮ್ಮನ ಕೈಯಲ್ಲಿಯೋ ವೈದ್ಯನ ಕೈಯಲ್ಲಿಯೋ ಎಂಬ ಆಯ್ಕೆ ಮಾತ್ರ ರೇವತಿಯವರ ಮುಂದಿತ್ತು. ಸರಕಾರಿ ಆಸ್ಪತ್ರೆಯೆಂಬ ಮೂರನೆಯ ದಾರಿ ಅಂದು ಇರಲಿಲ್ಲ. ಇದಕ್ಕೆ ಕಾಯಿದೆಯೂ ಒಂದು ಕಾರಣ. ಹಳೆಯ ಭಾರತೀಯ ದಂಡಸಂಹಿತೆಯ 320ನೆಯ ಪ್ರಕರಣವು ಪುಂಸ್ತ್ವಹರಣವನ್ನು ಘೋರ ಗಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಎಣಿಸಿತ್ತು. ಆ ಭಯದಿಂದ ಅನೇಕ ವೈದ್ಯರು ಹಿಂದೆಗೆಯುತ್ತಿದ್ದರು. ಆತ್ಮಕ್ಕೆ ಭೇದವಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವವರು ಈ ಪುಟಗಳನ್ನು ಓದಬೇಕು. ಚಿಕಿತ್ಸೆಯನ್ನು ನಿರಾಕರಿಸಿದ್ದರಿಂದ ಚಿಕಿತ್ಸೆ ನಿಲ್ಲಲಿಲ್ಲ. ಅದು ಹಿತ್ತಿಲ ಬಾಗಿಲಿಗೆ ಹೋಯಿತು, ಅಷ್ಟೆ.

ಇನ್ನು ಬೊಕ್ಕಸದ ಪ್ರಶ್ನೆ. ತಮಿಳುನಾಡು ಸರಕಾರ 2008ರಲ್ಲಿ ಇವರಿಗಾಗಿ ಕಲ್ಯಾಣ ಮಂಡಳಿಯನ್ನು ಸ್ಥಾಪಿಸಿತು. ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ದಾರಿಯಾಯಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಪ್ರಸಿದ್ಧ ತೀರ್ಪಿನಲ್ಲಿ, ಒಬ್ಬರ ಲಿಂಗತ್ವವನ್ನು ಒಪ್ಪಲು ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಅನೈತಿಕವೂ ಕಾನೂನುಬಾಹಿರವೂ ಹೌದೆಂದು ಸಾರಿತು. ಆಸ್ಪತ್ರೆಗಳಲ್ಲಿ ಇವರಿಗೆ ವೈದ್ಯಕೀಯ ಸೌಲಭ್ಯ ಕಲ್ಪಿಸುವಂತೆಯೂ ಸರಕಾರಗಳಿಗೆ ಆದೇಶಿಸಿತು. 2019ರ ಕಾಯಿದೆಯು ತನ್ನ ಮೂಲರೂಪದಲ್ಲಿ ಈ ಎರಡು ಮಾತುಗಳನ್ನು ಅರೆಬರೆಯಾಗಿ ಸ್ವೀಕರಿಸಿತು. ಅದರ 15ನೆಯ ಪ್ರಕರಣ ಚಿಕಿತ್ಸೆ ಮತ್ತು ವಿಮೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸಿತು. 4ನೆಯ ಪ್ರಕರಣ ಸ್ವಾನುಭವದ ಗುರುತನ್ನು ಒಪ್ಪಿತು. ಆದರೆ 7ನೆಯ ಪ್ರಕರಣ, ಹೆಣ್ಣೆಂದೊ ಗಂಡೆಂದೊ ಪ್ರಮಾಣಪತ್ರ ಬೇಕಾದವರು ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯಾಧಿಕಾರಿಯ ಪತ್ರವನ್ನು ತರಬೇಕೆಂದಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಪ್ರಮಾಣಪತ್ರವುಳ್ಳವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗಿನ ವೈದ್ಯವಿಮೆಯನ್ನು ಘೋಷಿಸಿತು.

ಇಲ್ಲಿನ ವಿಪರ್ಯಾಸವನ್ನು ವಾಚಕರು ಗ್ರಹಿಸಬೇಕು. ಕತ್ತಿಗೆ ಹಣ ಕೊಡುವ ಕೈಯೇ ಕತ್ತಿಯನ್ನು ಷರತ್ತಾಗಿಯೂ ಕೇಳಿತು. ವಿದ್ಯಾ, ರೇವತಿಯವರಂಥವರಿಗೆ ಮೊದಲನೆಯದು ಉಪಕಾರ. ಮುತ್ತು ಕಟ್ಟಿಸಿಕೊಂಡು ತೃಪ್ತರಾದ ಜೋಗತಿಯರಿಗೆ ಎರಡನೆಯದು ಅಪಕಾರ. ಮೂರು ಪುಸ್ತಕಗಳನ್ನು ಒಟ್ಟಿಗೆ ಓದಿದವರಿಗೆ ಹೊಳೆಯುವ ತತ್ತ್ವ ಒಂದೇ: ಚಿಕಿತ್ಸೆ ಬೇಕೆಂದವರಿಗೆ ದೊರೆಯಬೇಕು, ಬೇಡವೆಂದವರ ಮೇಲೆ ಹೇರಬಾರದು. ಗುರುತು ಒಂದು ಮಾತು, ಚಿಕಿತ್ಸೆ ಇನ್ನೊಂದು ಮಾತು; ಇವೆರಡನ್ನೂ ಒಂದಕ್ಕೊಂದು ಗಂಟುಹಾಕುವುದರಿಂದಲೇ ವಾದ ಕಲುಷಿತವಾಗಿದೆ.

ವಿರೋಧಪಕ್ಷದ ಆಕ್ಷೇಪಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಇದು ರೋಗವಲ್ಲವಾದರೆ ಔಷಧವೇಕೆ ಎಂದು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ದೊರೆಯಿತು. ಅದು ಈ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದ ತೆಗೆಯಿತು. ಆದರೂ ವೈದ್ಯಸಹಾಯ ತಪ್ಪಬಾರದೆಂದು ಮತ್ತೊಂದು ಅಧ್ಯಾಯದಲ್ಲಿ ಉಳಿಸಿತು. ಇದರಲ್ಲಿ ವಿರೋಧವೇನೂ ಇಲ್ಲ. ಬಸಿರು ರೋಗವಲ್ಲ, ಆದರೂ ಹೆರಿಗೆ ಆಸ್ಪತ್ರೆಗಳನ್ನು ಸಾರ್ವಜನಿಕ ಹಣದಿಂದ ಕಟ್ಟಿದ್ದೇವೆ. ಬಡವರ ಹೆರಿಗೆಗೇ ಹಾಸಿಗೆ ಸಾಲದಿರುವಾಗ ಇದಕ್ಕೆ ವೆಚ್ಚವೇಕೆ ಎಂಬುದು ಎರಡನೆಯ ಆಕ್ಷೇಪ. ಹಾಸಿಗೆ ಸಾಲದೆಂಬ ದೂರು ನಿಜವೇ. ಆದರೆ 2011ರ ಜನಗಣತಿಯಲ್ಲಿ ‘ಇತರೆ’ ಎಂದು ದಾಖಲಾದವರು ದೇಶದಲ್ಲೆಲ್ಲ 4,87,803 ಮಂದಿ. ಅವರಲ್ಲಿ ಎಲ್ಲರೂ ಶಸ್ತ್ರಚಿಕಿತ್ಸೆ ಬಯಸುವವರಲ್ಲ. ಹಾಸಿಗೆಗಳ ಅಭಾವ ಇವರಿಂದ ಉಂಟಾದುದಲ್ಲ, ಇವರನ್ನು ಹೊರಗಿಟ್ಟರೆ ತೀರುವುದೂ ಇಲ್ಲ.

ಮೂರನೆಯ ಆಕ್ಷೇಪ ಮಕ್ಕಳನ್ನು ಕುರಿತದ್ದು; ಇದಕ್ಕೆ ಹೆಚ್ಚಿನ ತೂಕವಿದೆ. ಬ್ರಿಟನ್ನಿನ ಆರೋಗ್ಯ ಸೇವೆಗಾಗಿ ಡಾ. ಹಿಲರಿ ಕ್ಯಾಸ್ ಅವರು ನಡೆಸಿದ ಪರಿಶೀಲನೆಯ ವರದಿ 2024ರ ಏಪ್ರಿಲಿನಲ್ಲಿ ಹೊರಬಂದಿತು. ಹದಿನೆಂಟು ತುಂಬದವರಿಗೆ ನೀಡುವ ಹಾರ್ಮೋನು ಚಿಕಿತ್ಸೆಗಳ ಆಧಾರಗಳು ದುರ್ಬಲವೆಂದು ಅದು ಹೇಳಿತು. ಅದನ್ನು ಒಪ್ಪದ ವೈದ್ಯರೂ ಇದ್ದಾರೆ. ಎಳೆಯರ ವಿಷಯದಲ್ಲಿ ಎಚ್ಚರ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಎಚ್ಚರ ಎರಡು ಕಡೆಗೂ ಸಲ್ಲಬೇಕು. ಹೆಣ್ಣೊ ಗಂಡೊ ಸ್ಪಷ್ಟವಾಗದ ಅಂಗರಚನೆಯಿಂದ ಹುಟ್ಟಿದ ಶಿಶುಗಳನ್ನು ಅವುಗಳ ಅರಿವಿಲ್ಲದೆಯೇ ಶಸ್ತ್ರದಿಂದ ತಿದ್ದುವ ರೂಢಿ ನಮ್ಮಲ್ಲಿಯೇ ಇದೆ. ಇದು ಸಲ್ಲದೆಂದು 2019ರ ಏಪ್ರಿಲಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಹೇಳಿತು. ಜೀವಕ್ಕೆ ಅಪಾಯವಿರುವ ಸಂದರ್ಭಗಳನ್ನು ಬಿಟ್ಟು ಅದನ್ನು ತಮಿಳುನಾಡು ಸರಕಾರ ಅದೇ ವರ್ಷ ನಿಷೇಧಿಸಿತು. ಬಲ್ಲ ವಯಸ್ಸಿನವರು ಕೇಳಿದಾಗ ನಿರಾಕರಿಸಿ, ಕೇಳಲರಿಯದ ಕೂಸಿಗೆ ಕತ್ತಿ ಹಿಡಿಯುವ ಸಮಾಜ ತನ್ನ ನಿಲುವನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.

ಪುನಃ ವಚನಕ್ಕೆ ಬರೋಣ. ದೇಹ ಮುಖ್ಯವಲ್ಲವೆಂಬ ಅರ್ಥವನ್ನು ಶರಣರ ಮೇಲೆ ಹೊರಿಸುವವರು ಷಟ್ಸ್ಥಲವನ್ನು ಮರೆತಿದ್ದಾರೆ. ಇಷ್ಟಲಿಂಗವನ್ನು ಧರಿಸುವುದು ಅಂಗದ ಮೇಲೆ; ಕಾಯಕ ನಡೆಯುವುದು ಕಾಯದಿಂದ; ಕಾಯವೇ ಪ್ರಸಾದಕಾಯವಾಗಬೇಕೆಂಬುದು ಅವರ ಹಂಬಲ. ಅಂಗವನ್ನು ಇಷ್ಟು ಗೌರವಿಸಿದ ಪರಂಪರೆ ಅಂಗದ ನೋವನ್ನು ಮಾಯೆಯೆಂದು ತಳ್ಳಿಹಾಕಲು ಸಾಕ್ಷಿಯಾಗಲಾರದು. ಇನ್ನೊಂದು ಪಕ್ಷದವರಿಗೂ ಒಂದು ಮಾತು ಹೇಳಬೇಕು. ಚಲನಚಿತ್ರ ನೋಡಿ ಕಣ್ಣೊರೆಸಿಕೊಳ್ಳುವುದು, ಪದ್ಮಶ್ರೀಗೆ ಚಪ್ಪಾಳೆ ತಟ್ಟುವುದು, ವಚನವನ್ನು ಹಾಡಿ ಸಭೆ ಮುಗಿಸುವುದು ಸುಲಭ. ದಾಸೋಹವೆಂದರೆ ಸಮುದಾಯದ ಗಳಿಕೆಯಲ್ಲಿ ಹಸಿದವರ ಪಾಲನ್ನು ಅವರದೆಂದೇ ಕೊಡುವುದು. ಆ ಭಾವದಿಂದ ಬೊಕ್ಕಸವನ್ನು ನೋಡಿದರೆ ಚಿಕಿತ್ಸೆಯ ಹಣ ಕರುಣೆಯ ಕಾಣಿಕೆಯಾಗದು, ಋಣದ ಸಂದಾಯವಾಗುತ್ತದೆ.

ರೈಲಿನಲ್ಲಿ ಕೈಚಾಚಿ ಕೂಡಿಸಿದ ಹಣದಿಂದ ಇನ್ನೊಬ್ಬ ವಿದ್ಯಾ ತನ್ನ ‘ನಿರ್ವಾಣ’ವನ್ನು ಕೊಂಡುಕೊಳ್ಳಬೇಕಾದ ಸ್ಥಿತಿ ತಪ್ಪಬೇಕು, ಇನ್ನೊಬ್ಬ ಮಂಜಮ್ಮನಿಂದ ಯಾವ ಕಚೇರಿಯೂ ಗಾಯದ ಗುರುತನ್ನು ಕೇಳದಿರಬೇಕು. ಈ ಎರಡು ಕೆಲಸಗಳೂ ಆದ ದಿನ ದಾಸಿಮಯ್ಯನವರ ವಚನವನ್ನು ಯಾರ ಪಕ್ಷದ ಸಾಕ್ಷಿಯಾಗಿಯೂ ಎಳೆಯದೆ, ವಚನವಾಗಿಯೇ ಓದುವ ಯೋಗ್ಯತೆ ನಮಗೆ ಬಂದೀತು.