‘ಅಂತೆ’ ಬಿದ್ದುಹೋದ ಸುದ್ದಿ

2007ರ ಜುಲೈ ತಿಂಗಳು. ನಮ್ಮ ಆಫೀಸಿನ ಕ್ಯಾಂಟೀನ್ ಟಿವಿಯಲ್ಲಿ ಬೆಳಿಗ್ಗೆ ತಿಂಡಿಗೆ ಹೋದಾಗಲೂ ಅದೇ ಮುಖ, ಸಂಜೆ ಕಾಫಿಗೆ ಹೋದಾಗಲೂ ಅದೇ ಮುಖ. ಡಾಕ್ಟರ್ ಮೊಹಮ್ಮದ್ ಹನೀಫ್. ಮೂಡಿಗೆರೆ ಕಡೆಯವರು, ಬೆಂಗಳೂರಲ್ಲಿ ಎಂಬಿಬಿಎಸ್ ಮಾಡಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಬೆಂಗಳೂರು ಉಗ್ರರ ತವರಾ?’ ಅಂತ ಓಡ್ತಾ ಇತ್ತು. ಆ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದು ಚಾನೆಲ್‌ನವರ ಹೆಲ್ಮೆಟ್ಟು. ತಲೆ ಕಾಪಾಡೋಕಲ್ಲ, ಪೊಲೀಸ್ ಹಿಡಿದರೆ ಇರಲಿ ಅಂತ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಒಳ್ಳೇ ಮನುಷ್ಯ, ಯಾರಿಗೂ ಕೇಡು ಬಯಸಿದವನಲ್ಲ, ಇಡ್ಲಿ ಮುರೀತಾ ಹೇಳಿದ: “ಇನ್ನೇನ್ ಗುರು, ಸಿಮ್ಮು ಜೀಪಲ್ಲೇ ಸಿಕ್ಕಿದೆ.”

ನಾನೂ ತಲೆಯಾಡಿಸಿದೆ.

ಯಾವ ಜೀಪು ಅನ್ನೋದು ನೆನಪಿರಬಹುದು. ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಬೆಂಕಿ ಹತ್ತಿದ ಜೀಪು ನುಗ್ಗಿಸಿದರು. ಓಡಿಸಿದವನು ಕಫೀಲ್ ಅಹ್ಮದ್, ನಮ್ಮ ಬೆಂಗಳೂರಿನವನೇ. ಸುಟ್ಟ ಗಾಯದಿಂದ ಆಗಸ್ಟ್ 2ರಂದು ಸತ್ತ. ಇದು ಯಾರ ಕಟ್ಟುಕಥೆಯೂ ಅಲ್ಲ, ದೊಡ್ಡ ಸುದ್ದಿಯೇ. ಕಫೀಲನ ತಮ್ಮ ಸಬೀಲ್ ಹನೀಫರಿಗೆ ದೂರದ ಸೋದರಸಂಬಂಧಿ. ಹನೀಫ್ 2006ರಲ್ಲಿ ಇಂಗ್ಲೆಂಡ್ ಬಿಟ್ಟು ಹೊರಡುವಾಗ ತಮ್ಮ ಸಿಮ್ ಕಾರ್ಡನ್ನು ಆ ಸಬೀಲನಿಗೆ ಕೊಟ್ಟು ಹೋಗಿದ್ದರು. ನಾವೂ ಊರು ಬಿಡುವಾಗ ಉಳಿದ ಗ್ಯಾಸ್ ಸಿಲಿಂಡರನ್ನ ಪರಿಚಯದವರಿಗೆ ಕೊಟ್ಟು ಬರ್ತೀವಲ್ಲ, ಹಾಗೆ.

ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಕೈಯಲ್ಲಿ ಬೆಂಗಳೂರಿಗೆ ಒನ್ ವೇ ಟಿಕೆಟ್. 12 ದಿನ ಆರೋಪವೇ ಇಲ್ಲದೆ ಇಟ್ಟುಕೊಂಡು, 14ರಂದು ಕೋರ್ಟಿಗೆ ಕರೆತಂದಾಗ ಸರ್ಕಾರಿ ವಕೀಲರು ಹೇಳಿದ್ದು: ಆ ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿದೆ.

ಕನ್ನಡದಲ್ಲಿ ನಮಗೊಂದು ಪುಟ್ಟ ಸೌಲಭ್ಯ ಇದೆ. ‘ಅಂತೆ’. ಕಂಡಿದ್ದು ಬೇರೆ, ಕೇಳಿದ್ದು ಬೇರೆ ಅಂತ ಒಂದೇ ಪದದಲ್ಲಿ ಬೇರ್ಪಡಿಸಿಬಿಡ್ತೀವಿ. ನಮ್ಮಜ್ಜಿ ಪಕ್ಕದ ಬೀದಿ ಜಗಳದ ಸುದ್ದಿ ತಂದರೂ ಪ್ರತಿ ವಾಕ್ಯಕ್ಕೆ ‘ಅಂತೆ’ ಸೇರಿಸಿಯೇ ಹೇಳೋಳು. ಬೈದ್ನಂತೆ, ಹೊಡೆದ್ನಂತೆ. ಅಂತೆ ಕಂತೆ ಅಂತ ನಾವು ಅದನ್ನ ಹೀಯಾಳಿಸೋದು ಬೇರೆ! ವಕೀಲರು ಹೇಳಿದ್ದನ್ನ ಹೇಳಿದರು ಅಂತಲೇ ಬರೆದರೆ ತಪ್ಪಿಲ್ಲ, ಕೋರ್ಟಿನ ವರದಿಯೇ ಅದು. ಆದರೆ ಒಂದು ದಿನ ಕಳೆಯುವಷ್ಟರಲ್ಲಿ ‘ಸಿಕ್ಕಿದೆಯಂತೆ’ ಹೋಗಿ ‘ಸಿಕ್ಕಿದೆ’ ಆಯ್ತು. ಅಲ್ಲಿಂದ ಸ್ಟುಡಿಯೋ ಚರ್ಚೆಗೆ ಬಂದಾಗ ‘ಸಿಮ್ ಯಾಕೆ ಜೀಪಿನಲ್ಲಿತ್ತು?’ ಅನ್ನೋ ಪ್ರಶ್ನೆಯಾಯ್ತು. ಇತ್ತೋ ಇಲ್ಲವೋ ಅಂತ ಕೇಳುವ ಗೋಜಿಗೆ ನಾನು ನೋಡಿದ ಯಾವ ಚಾನೆಲ್ಲೂ ಹೋಗಲಿಲ್ಲ. ಹನೀಫರ ಊರಲ್ಲೇ ಕೂತ ನಮ್ಮ ವರದಿಗಾರರಿಗೆ ಲಂಡನ್‌ಗೆ ಒಂದು ಫೋನ್ ಮಾಡೋದಕ್ಕಿಂತ ಅವರ ಮನೆ ಮುಂದೆ ಕ್ಯಾಮೆರಾ ನೆಟ್ಟು, ಬಾಣಂತಿ ಹೆಂಡತಿ ಯಾವಾಗ ಬಾಗಿಲು ತೆಗೀತಾರೆ ಅಂತ ಕಾಯೋದು ಸುಲಭವಾಗಿತ್ತು.

ಕೇಳಿದವನು ಆಸ್ಟ್ರೇಲಿಯಾದ ಎಬಿಸಿ ರೇಡಿಯೋದ ರಾಫೆಲ್ ಎಪ್‌ಸ್ಟೀನ್. ಜುಲೈ 20ಕ್ಕೆ ಅವನ ವರದಿ ಬಂತು. ಸಿಮ್ ಜೀಪಿನಲ್ಲಿ ಇರಲೇ ಇಲ್ಲ. ಲಿವರ್‌ಪೂಲಿನಲ್ಲಿ ಸಬೀಲನ ಬಳಿ ಇತ್ತು. ಗ್ಲಾಸ್ಗೋದಿಂದ ಲಿವರ್‌ಪೂಲಿಗೆ ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಲ್ಲಿ ಆದ ಘಟನೆಗೆ ಮಂಗಳೂರಲ್ಲಿದ್ದ ಸಿಮ್ಮನ್ನ ತಂದು ಅಂಟಿಸಿದ ಹಾಗೆ. ಒಂದು ವಾರದಲ್ಲಿ, 27ರಂದು, ಕೇಸು ವಾಪಸ್.

ಟಿಕೆಟ್ಟಿನ ಕಥೆಯೂ ಇದೇ. ಒನ್ ವೇ ಯಾಕೆ ಅನ್ನೋದಕ್ಕೆ ಹನೀಫರ ಬಳಿ ಉತ್ತರವೇ ಇಲ್ಲ ಅಂತ ಎಲ್ಲ ಕಡೆ ಬಂತು. ಹನೀಫರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳ ದಾಖಲೆಯನ್ನ ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸ್ ಕೈಗಿಟ್ಟಾಗ ಗೊತ್ತಾಗಿದ್ದು, ಅವರು ಉತ್ತರ ಹೇಳಿದ್ದರು ಅಂತ. ಹೆಂಡತಿಗೆ ಸಿಸೇರಿಯನ್ ಆಗಿ ಕೆಲವೇ ದಿನ, ಮಗು ನೋಡಬೇಕು, ಟಿಕೆಟ್ ಮಾಡಿಸಿದ್ದು ಮಾವ. ಇಷ್ಟೇ.

ನನಗೆ ಈ ಇಡೀ ಪ್ರಕರಣದಲ್ಲಿ ತುಂಬಾ ಕಾಡೋದು ಮುಂದಿನ ಭಾಗ. ಕೀಮ್ ದಾಖಲೆ ಕೊಟ್ಟವನು ನಾನೇ ಅಂತ ಬಹಿರಂಗವಾಗಿ ಹೇಳಿಕೊಂಡರು. ಪ್ರಧಾನಿ ಜಾನ್ ಹೋವರ್ಡ್ ಆ ಸೋರಿಕೆಯನ್ನ ಖಂಡಿಸಿದರು. ಫೆಡರಲ್ ಪೊಲೀಸ್ ಮುಖ್ಯಸ್ಥ ಮಿಕ್ ಕೀಲ್ಟಿ ವಕೀಲರ ಮೇಲೆ ದೂರು ಕೊಟ್ಟರು (ಆಮೇಲೆ ಅದು ವಜಾ ಆಯ್ತು). ಸರಿ, ಆದರೆ ಅದಕ್ಕೂ ಮೊದಲು ದಿನಕ್ಕೊಂದರಂತೆ ‘ಬಲ್ಲ ಮೂಲಗಳಿಂದ’ ಬರ್ತಿದ್ದ ಸುದ್ದಿಗಳನ್ನ ಸೋರಿಸಿದ್ದು ಯಾರು? ಆಮೇಲೂ ನಿಲ್ಲಲಿಲ್ಲ. ಒಂದು ಭಾನುವಾರದ ಪತ್ರಿಕೆ ಗೋಲ್ಡ್ ಕೋಸ್ಟಿನ ಎತ್ತರದ ಕಟ್ಟಡವೊಂದನ್ನ ಉಡಾಯಿಸುವ ಸಂಚಿನ ಬಗ್ಗೆ ತನಿಖೆ ನಡೆದಿದೆ ಅಂತ ಬರೆಯಿತು. ಅದನ್ನ ಕೊನೆಗೆ ಕೀಲ್ಟಿಯೇ ಸುಳ್ಳು ಅನ್ನಬೇಕಾಯ್ತು. ಹೆಸರಿಲ್ಲದ ಮೂಲಕ್ಕೆ ಮುಖಪುಟ, ಹೆಸರು ಹೇಳಿಕೊಂಡವನಿಗೆ ದೂರು. ಮೂಲದ ಹೆಸರು ಮುಚ್ಚಿಡೋದು ಇರೋದು ದೊಡ್ಡವರ ವಿರುದ್ಧ ಬಾಯಿಬಿಡುವ ಸಣ್ಣವರನ್ನ ಕಾಪಾಡೋಕೆ. ಲಾಕಪ್ಪಿನಲ್ಲಿ ಕೂತವನ ಬಗ್ಗೆ ಅಧಿಕಾರಿ ಪಿಸುಗುಟ್ಟಿದ್ದಕ್ಕೆ ಯಾಕೆ ಆ ರಕ್ಷಣೆ? ಇದನ್ನ ಪತ್ರಕರ್ತ ಗೆಳೆಯರ ಹತ್ತಿರ ಕೇಳಿದರೆ, “ಹಾಗೆ ಕೇಳ್ತಾ ಕೂತ್ರೆ ನಾಳೆ ಆ ಆಫೀಸರ್ ನನ್ನ ಫೋನ್ ಎತ್ತಲ್ಲ ಮಾರಾಯ” ಅಂತಾರೆ. ಪಾಪ, ಅವರ ಕಷ್ಟ ಅವರಿಗೆ.

ಥಾಮಸ್‌ಗೆ ಆ ವರ್ಷದ ಗೋಲ್ಡ್ ವಾಕ್ಲಿ, ಅಲ್ಲಿನ ಅತಿ ದೊಡ್ಡ ಪತ್ರಿಕಾ ಪ್ರಶಸ್ತಿ, ಬಂತು. ಜುಲೈ 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದಾಗ ಕ್ಯಾಂಟೀನ್ ಟಿವಿಯಲ್ಲಿ ಅದೇ ಚಾನೆಲ್ಲು, ಅದೇ ಕೆಂಪು ಪಟ್ಟಿ. ಈ ಸಲ ‘ತವರಿಗೆ ಮರಳಿದ ಮಗ’. ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಹಿಂದಿನ ವಾರ ಹಾಗೆ ಹೇಳಿದ್ದೆವು, ತಪ್ಪಾಯ್ತು ಅನ್ನೋ ಒಂದು ಸಾಲೂ ಇರಲಿಲ್ಲ.

2008ರ ಕೊನೆಗೆ ಹೊರಬಂದ ಕ್ಲಾರ್ಕ್ ವಿಚಾರಣಾ ವರದಿ ಅವರ ಮೇಲೆ ಕೇಸು ಹಾಕಲೇಬಾರದಿತ್ತು ಅಂತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಡೋಕೆ ಒಪ್ಪಿಕೊಂಡಿತು. ನಮ್ಮನೆಗೆ ಬರುವ ಪೇಪರಿನಲ್ಲಿ ಅದು ಒಳಪುಟದ ಮೂಲೆಯಲ್ಲಿತ್ತು. ಅದನ್ನ ಕತ್ತರಿಸಿಕೊಂಡು ಹೋಗಿ ಆ ಇಡ್ಲಿ ಗೆಳೆಯನಿಗೆ ತೋರಿಸಿದೆ. ಓದಿದ. ಒಂದು ಕ್ಷಣ ಯೋಚಿಸಿದ.

“ಹನೀಫ್... ಹನೀಫ್... ಹಾಂ, ಗೊತ್ತಾಯ್ತು. ಸಿಮ್ಮು ಜೀಪಲ್ಲಿ ಸಿಕ್ಕಿತ್ತಲ್ಲ, ಅವನೇ ತಾನೇ?”