ಡ್ಯಾಫೊಡಿಲ್ ಕವನದ ಉಪಮೆಯೂ ಪ್ರತಿಮೆಯೂ

ಉಪಮಾವಾಚಕವು ಕಂಡೊಡನೆಯೇ ಪ್ರತಿಮೆಯನ್ನು ಗುರುತಿಸಿದೆವೆಂದು ತೃಪ್ತರಾಗುವ ವಿಮರ್ಶಕರು ವರ್ಡ್ಸ್‌ವರ್ತನ ಡ್ಯಾಫೊಡಿಲ್ ಹೂಗಳ ಕವನವನ್ನು ಮತ್ತೊಮ್ಮೆ ಓದಬೇಕು. ಹೂಗಳನ್ನು ಆಕಾಶಗಂಗೆಯ ತಾರೆಗಳಿಗೆ ಹೋಲಿಸುವ ಪ್ರಸಿದ್ಧ ಪದ್ಯವು 1807ರ ಪ್ರಥಮ ಮುದ್ರಣದಲ್ಲಿ ಇರಲೇ ಇಲ್ಲ. ಕವಿಯು ಅದನ್ನು 1815ರಲ್ಲಿ ಸೇರಿಸಿದನು. ಅದು ಹೂಗಳ ಅಸಂಖ್ಯತೆಯನ್ನು ಸೊಗಸಾಗಿ ಸೂಚಿಸುವುದೇನೋ ನಿಜ. ಆದರೆ ಅದಿಲ್ಲದೆಯೂ ಕವನಕ್ಕೆ ಕುಂದಿರಲಿಲ್ಲ. ಕವನದ ಜೀವವಿರುವುದು ನರ್ತನದಲ್ಲಿ. ಮೊದಲು ಹೂಗಳು ಕುಣಿಯುವುವು, ಬಳಿಕ ಸರೋವರದ ತೆರೆಗಳು, ಕಡೆಗೆ ಏಕಾಂತದಲ್ಲಿ ಒರಗಿದ ಕವಿಯ ಹೃದಯವೇ. ಈ ನರ್ತನವಾದರೂ ಕವಿಯೊಬ್ಬನ ಸೃಷ್ಟಿಯೆನ್ನಲಾಗದು. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅವನ ಜೊತೆಗೆ ನಡೆದಿದ್ದ ತಂಗಿ ಡಾರೊತಿಯ ದಿನಚರಿಯಲ್ಲಿಯೂ ಹೂಗಳು ಕುಣಿದು ಗಾಳಿಯೊಡನೆ ನಕ್ಕಂತೆ ತೋರುವುವು. ಕವನದಲ್ಲಿ ಮಾತ್ರ ಕವಿಯು ಒಂಟಿ!