ಯಾವುದು ‘ಒಂದು’? ಆರ್ ಪ್ಯಾಕೇಜುಗಳ ಎಣಿಕೆಯಲ್ಲಿ ಹೊಳಗುಂದ

(ಆನ್‌ಲೈನ್ ಸೆಮಿನಾರಿನಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಕೊನೆಗೆ ಚರ್ಚೆಯ ಒಂದು ಭಾಗವನ್ನು ಸೇರಿಸಿದೆ.)

ಆರ್ ಭಾಷೆಯ ಹೊಸ ಪ್ಯಾಕೇಜುಗಳ ಸುದ್ದಿ, ಅವುಗಳಿಂದ ನಡೆಯುವ ದತ್ತಾಂಶ ವಿಶ್ಲೇಷಣೆ, ಇವೆರಡೂ ಇವತ್ತಿನ ನನ್ನ ವಿಷಯ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಶುರುಮಾಡಿದ ಈ ಭಾಷೆಯ 1.0.0 ಆವೃತ್ತಿ 2000ದ ಫೆಬ್ರವರಿ 29ರಂದು ಬಂತು. ಈಗ ಅದರ ಭಂಡಾರವಾದ ಕ್ರ್ಯಾನ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಆರ್ ವೀಕ್ಲಿ ವಾರವಾರ ಹೊಸ ಸುದ್ದಿ ಕೊಡುತ್ತದೆ. ಟೈಡಿಟ್ಯೂಸ್‌ಡೇ 2018ರಿಂದ ವಾರಕ್ಕೊಂದು ದತ್ತಾಂಶ ಕೊಟ್ಟು ಜನರಿಂದ ನಕ್ಷೆ ಮಾಡಿಸುತ್ತಿದೆ. ಈ ಬರಹಗಳಲ್ಲಿ ಪ್ಯಾಕೇಜು ಏನು ಮಾಡುತ್ತೆ ಅನ್ನೋದು ಚೆನ್ನಾಗಿ ಸಿಗುತ್ತೆ. ಅದು ಯಾವುದನ್ನು ‘ಒಂದು’ ಅಂತ ಎಣಿಸುತ್ತೆ ಅನ್ನೋದು ಬಹಳ ಸಲ ಸಿಗೋದಿಲ್ಲ. ನನ್ನ ತಕರಾರು ಇಷ್ಟೇ. ನಮ್ಮ ಆದೋನಿ ಕಡೆಯ ಹೊಳಗುಂದವನ್ನೇ ಇಟ್ಟುಕೊಂಡು ನೋಡೋಣ.

1. ಅಕ್ಷರ

‘ಹೊಳಗುಂದ’ ಅಂತ ಬರೆದು ಎನ್‌ಚಾರ್‌ಗೆ ಕೊಟ್ಟರೆ 7 ಅನ್ನುತ್ತೆ. ಬೈಟ್ ಲೆಕ್ಕ ಕೇಳಿದರೆ 21. ಸ್ಟ್ರಿಂಗೈ ಪ್ಯಾಕೇಜಿನ ಅಕ್ಷರಗಡಿಯ ಫಂಕ್ಷನ್ ಬಳಸಿದರೆ ನಾವು ಬಾಯಲ್ಲಿ ಎಣಿಸುವ ಹಾಗೆ 4. ಮೂರೂ ತಪ್ಪಲ್ಲ, ಪ್ರಶ್ನೆ ಬೇರೆ ಬೇರೆ.

ತೊಂದರೆ ಶುರುವಾಗೋದು ಊರುಗಳ ಹೆಸರು ಹೊಂದಿಸುವಾಗ. ‘ಹೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಹಳೆಯ ಫಾಂಟಿನ ಕಡತವನ್ನು ಪರಿವರ್ತಿಸುವಾಗ ಎರಡನೆಯ ರೂಪ ಉಳಿದುಬಿಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಈಗ ಸ್ಟ್ರಿಂಗ್‌ಡಿಸ್ಟ್ ಪ್ಯಾಕೇಜಿಗೆ ಇವುಗಳ ಅಂತರ ಕೇಳಿ, 2 ಅನ್ನುತ್ತೆ. ಹೊಳಗುಂದಕ್ಕೂ ಹೂವಿನಹಡಗಲಿ ತಾಲ್ಲೂಕಿನ ಹೊಳಗುಂದಿಗೂ ಅಂತರ ಕೇಳಿ, 1 ಅನ್ನುತ್ತೆ. ಅಂದರೆ ನಮ್ಮೂರಿಗೆ ನಮ್ಮೂರಿಗಿಂತ ಬೇರೆ ರಾಜ್ಯದ ಇನ್ನೊಂದು ಊರೇ ಹತ್ತಿರ! ಮೊದಲೇ ಎನ್‌ಎಫ್‌ಸಿ ರೂಪಕ್ಕೆ ತಂದಿದ್ದರೆ ಮೊದಲ ಅಂತರ ಸೊನ್ನೆ ಆಗುತ್ತಿತ್ತು. ಅದು ಸ್ಟ್ರಿಂಗೈಯಲ್ಲಿ ಒಂದು ಸಾಲಿನ ಕೆಲಸ.

ಇದಕ್ಕಿಂತ ಸೂಕ್ಷ್ಮವಾದದ್ದು ಒತ್ತಕ್ಷರ. ‘ಅಮ್ಮ’ ಅನ್ನೋದು ಕನ್ನಡಕ್ಕೂ ತೆಲುಗಿಗೂ ಸೇರಿದ ಮಾತು. ಎರಡೂ ಲಿಪಿಯಲ್ಲಿ ನಮ್ಮ ಮಕ್ಕಳು ಎರಡಕ್ಷರ ಅಂತಲೇ ಎಣಿಸ್ತಾರೆ. 2023ರ ಯೂನಿಕೋಡ್ 15.1 ಒತ್ತಕ್ಷರವನ್ನು ಒಡೆಯದೆ ಒಂದಾಗಿ ಎಣಿಸುವ ನಿಯಮ ತಂದಿತು. ಆ ಆವೃತ್ತಿಯ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇವೆ. ಕನ್ನಡ ಇಲ್ಲ. ಹೀಗಾಗಿ ಆ ನಿಯಮ ಪಾಲಿಸುವ ಗ್ರಂಥಾಲಯದಲ್ಲಿ ತೆಲುಗಿನ ಅಮ್ಮ ಎರಡು, ಕನ್ನಡದ ಅಮ್ಮ ಮೂರು. ಸ್ಟ್ರಿಂಗೈ ತನ್ನ ಎಣಿಕೆಯನ್ನು ಐಸಿಯು ಗ್ರಂಥಾಲಯದಿಂದ ಪಡೆಯುತ್ತದೆ. ಆದ್ದರಿಂದ ಯಾವ ಐಸಿಯು ಆವೃತ್ತಿ ಅನ್ನೋದರ ಮೇಲೆ ಉತ್ತರ ನಿಂತಿದೆ. ಎರಡು ಭಾಷೆಯ ಪಠ್ಯಪುಸ್ತಕಗಳ ಪದದುದ್ದ ಹೋಲಿಸುವವರು ಇದನ್ನು ಗಮನಿಸದಿದ್ದರೆ ಕನ್ನಡ ಸುಮ್ಮನೆ ಕಠಿಣವಾಗಿ ಕಾಣುತ್ತೆ.

ಮೆಚ್ಚಬೇಕಾದದ್ದನ್ನೂ ಹೇಳಬೇಕು. 2022ರ ಆರ್ 4.2.0 ವಿಂಡೋಸ್‌ನಲ್ಲೂ ಯುಟಿಎಫ್-8 ಅನ್ನು ಸಹಜ ಸಂಕೇತವಾಗಿ ಮಾಡಿತು. ಅದಕ್ಕೆ ಮೊದಲು ಎಷ್ಟೋ ಕಡೆ ಕನ್ನಡದ ಜಾಗದಲ್ಲಿ ಬರೀ ಸಂಕೇತಸಂಖ್ಯೆಗಳು ಮೂಡುತ್ತಿದ್ದವು. ಆದರೆ ಕನ್ನಡ ಪರದೆಗೆ ಬಂತು ಅಂದಮಾತ್ರಕ್ಕೆ ಎಣಿಕೆ ಸರಿಹೋಯಿತು ಅಂತಲ್ಲ.

2. ಪದ

ಜೂಲಿಯಾ ಸಿಲ್ಗಿ, ಡೇವಿಡ್ ರಾಬಿನ್‌ಸನ್ ಅವರ ಟೈಡಿಟೆಕ್ಸ್ಟ್ ಸಾಲಿಗೊಂದು ಪದ ಇಟ್ಟು ಎಣಿಸಲು ಕಲಿಸಿತು. ಇಂಗ್ಲಿಷಿಗೆ ಸೊಗಸಾದ ಪದ್ಧತಿ. ಕನ್ನಡದಲ್ಲಿ ಹೊಳಗುಂದ, ಹೊಳಗುಂದಕ್ಕೆ, ಹೊಳಗುಂದದಲ್ಲಿ, ಹೊಳಗುಂದದಿಂದ ನಾಲ್ಕು ಪದಗಳಾಗುತ್ತವೆ. ಮೂಲರೂಪಕ್ಕೆ ಇಳಿಸಲು ಯುಡಿಪೈಪ್ ಪ್ಯಾಕೇಜು ಇದೆ. ಆದರೆ ಅದರ ಜೊತೆ ಸಿಗುವ ಯುಡಿ 2.5ರ ಸಿದ್ಧ ಮಾದರಿಗಳಲ್ಲಿ ತೆಲುಗು, ತಮಿಳು, ಹಿಂದಿ, ಮರಾಠಿ ಇವೆ, ಕನ್ನಡ ಇಲ್ಲ. ಆದೋನಿ ಕಡೆಯ ದ್ವಿಭಾಷಾ ಬರಹವನ್ನು ಹೀಗೆ ವಿಶ್ಲೇಷಿಸಿದರೆ ತೆಲುಗಿಗೆ ಸಿದ್ಧ ಮಾದರಿಯಾದರೂ ಇದೆ, ಕನ್ನಡ ಪ್ರತ್ಯಯದ ಸಮೇತ ಉಳಿಯುತ್ತೆ. ಫಲಿತಾಂಶದಲ್ಲಿ ಕನ್ನಡದ ಪದಸಂಪತ್ತು ದೊಡ್ಡದಾಗಿ ಕಾಣುತ್ತೆ. ನಮಗೆ ಖುಷಿಯಾಗುವ ತಪ್ಪು ಇದು, ಅದಕ್ಕೇ ಯಾರೂ ಬೇಗ ಪ್ರಶ್ನಿಸಲ್ಲ.

3. ಜಿಲ್ಲೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ. ಹೊಳಗುಂದ ಕರ್ನೂಲು ಜಿಲ್ಲೆಗೆ ಸೇರಿತು. 1951 ಮತ್ತು 1961ರ ಜನಗಣತಿ ಎರಡರಲ್ಲೂ ‘ಬಳ್ಳಾರಿ’ ಇದೆ. ಡಿಪ್ಲೈಯರ್‌ನ ಲೆಫ್ಟ್ ಜಾಯಿನ್ ಹೆಸರು ನೋಡಿ ಎರಡನ್ನೂ ಹೊಂದಿಸುತ್ತೆ, ಒಂದು ಎಚ್ಚರಿಕೆಯೂ ಬರಲ್ಲ. ನಕ್ಷೆಯಲ್ಲಿ ಕನ್ನಡದ ಪಾಲು ಏರಿಳಿದ ಹಾಗೆ ಕಾಣಬಹುದು, ಆದರೆ ನಡುವೆ ಗಡಿಯೇ ಸರಿದಿದೆ. 2022ರಲ್ಲಿ ನಂದ್ಯಾಲ ಬೇರೆಯಾದ ಮೇಲೆ ಕರ್ನೂಲಿಗೂ ಇದೇ ಗತಿ.

ಭಾಷೆಯ ಲೆಕ್ಕವೂ ಹಾಗೇ. 2011ರ ಜನಗಣತಿಯಲ್ಲಿ ಕನ್ನಡಿಗರು 4,37,06,512. ಅದರೊಳಗೆ ಮಾತೃಭಾಷೆ ಬಡಗ ಅಂತ ಬರೆಸಿದ 1,33,550 ಜನ ಸೇರಿದ್ದಾರೆ. ಮೇಲಾಗಿ ಜನಗಣತಿ ಒಬ್ಬರಿಗೆ ಒಂದೇ ಮಾತೃಭಾಷೆ ಬರೆದುಕೊಳ್ಳುತ್ತೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡೋರ ಊರನ್ನು ಆ ಒಂದು ಕಾಲಂ ಪೂರ್ತಿ ಹೇಳಲ್ಲ. ಗೊತ್ತಿರುವ ಇತರ ಭಾಷೆಗಳ ಕೋಷ್ಟಕ ಬೇರೆ ಇದೆ, ಅದನ್ನೂ ಪಕ್ಕದಲ್ಲಿಟ್ಟು ಓದಬೇಕು.

ಇದರಿಂದ ಯಾರಿಗೆ ಏನು? ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಮಾಧ್ಯಮಕ್ಕೆ ಮೇಷ್ಟ್ರು ಬೇಕು ಅಂತ ಅರ್ಜಿ ಹಾಕುವವರು ಸಂಖ್ಯೆ ತೋರಿಸಲೇಬೇಕು. ಆ ಸಂಖ್ಯೆ ಪ್ರಶ್ನೆಗೆ ನಿಲ್ಲದಿದ್ದರೆ ಅರ್ಜಿಯೂ ನಿಲ್ಲಲ್ಲ.

ಚರ್ಚೆ

ಪ್ರಶ್ನೆ: ಪ್ಯಾಕೇಜು ಬರೆಯೋರಲ್ಲಿ ಎಷ್ಟೋ ಜನ ಬಿಡುವಿನಲ್ಲಿ, ಸಂಬಳವಿಲ್ಲದೆ ಬರೀತಾರೆ. ಕನ್ನಡವನ್ನೂ ಅವರೇ ನೋಡಿಕೊಳ್ಳಬೇಕು ಅನ್ನೋದು ನ್ಯಾಯವೇನ್ರೀ?

ಉತ್ತರ: ಅಲ್ಲ ಸರ್, ನಾನು ಕೇಳ್ತಿರೋದು ನಮ್ಮನ್ನೇ. ನಮ್ಮ ವಿಭಾಗದ ಪ್ರತಿ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಮೂರು ಸಾಲು ಇರಲಿ: ಪಠ್ಯವನ್ನು ಯಾವ ಯೂನಿಕೋಡ್ ರೂಪಕ್ಕೆ ತಂದೆವು, ಅಕ್ಷರ ಮತ್ತು ಪದ ಅಂದರೆ ಇಲ್ಲಿ ಏನು, ಜಿಲ್ಲೆಯ ಗಡಿ ಯಾವ ವರ್ಷದ್ದು. ಹೊಸ ಪ್ಯಾಕೇಜು ಬಂದಾಗ ‘ಅಮ್ಮ’, ‘ಹೊಳಗುಂದ’ ಎರಡನ್ನೂ ಕೊಟ್ಟು ಪರೀಕ್ಷೆ ಮಾಡಿ, ತಪ್ಪಿದ್ದರೆ ಬರೆದವರಿಗೆ ಆ ಉದಾಹರಣೆ ಸಮೇತ ಕಳಿಸೋಣ. ತೆಲುಗು ಸರಿಯಾಗಿ, ಕನ್ನಡ ತಪ್ಪಾಗಿ ಬಂದರೆ ಅದು ಕಣ್ಣಿಗೆ ಬೀಳೋದು ಎರಡೂ ಓದಬಲ್ಲ ನಮ್ಮಂಥ ಗಡಿಯವರಿಗೇ.